ತಟ್ಟಬೇಡ ಎಂದು ಬರೆದ ಗೋಡೆ

ಆ ಮಾತನ್ನು ಗೋಡೆಯ ಮೇಲೆ ಬರೆದವನ ಕೈ ಮುರಿಯಬೇಕಿತ್ತು. ಮುರಿದದ್ದು ನನ್ನ ಮಗಳ ಕೈ. ಇದನ್ನು ಬರೆಯುವಾಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಸಮಾಧಾನ ಮಾಡ್ಕೋ ಎಂದು ಯಾರಾದರೂ ಬುದ್ಧಿ ಹೇಳಲು ಬಂದರೆ ಅವರಿಗೂ ನಾಲ್ಕು ಮಾತು ಬೀಳುತ್ತವೆ, ಮೊದಲೇ ಹೇಳಿರುತ್ತೇನೆ. ಆದರೆ ಇದು ಬರೆದವನ ಕತೆಯಲ್ಲ, ನನ್ನ ಅಕ್ಕನದು. ಆ ಕೋಣೆ ಅವಳದು, ಆ ಗೋಡೆ ಅವಳದು, ಅಲ್ಲಿ ಮಕ್ಕಳಿಗೆ ಕುಸ್ತಿ ಕಲಿಸುವವಳು ಅವಳು.

ಅಕ್ಕ ಬ್ರೆಡ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ಒಲೆಯಿಂದ ಬಂದ ಬಿಸಿ ಟ್ರೇಗಳನ್ನು ಎತ್ತಿ ಗಾಡಿಯ ಮೇಲೆ ಜೋಡಿಸುವುದು, ಖಾಲಿ ಟ್ರೇಗಳನ್ನು ಇಳಿಸುವುದು, ದಿನವಿಡೀ ಅದೇ. ಅಂಗಡಿಯ ಯಾವ ಅಂಗಿಯೂ ಅವಳ ಭುಜಕ್ಕೆ ಕೂರುವುದಿಲ್ಲ. ತೋಳಿನ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಡುವವಳು ನಾನು. ಯಾರಾದರೂ ಮದುವೆಯ ಮಾತೆತ್ತಿದರೆ, “ಮೊದ್ಲು ಬಂದು ನನ್ನನ್ನ ಕೆಡವ್ಲಿ, ಆಮೇಲೆ ನೋಡೋಣ” ಅನ್ನುತ್ತಿದ್ದಳು. ಯಾರೂ ಕೆಡವಲಿಲ್ಲ. ಅವಳಿಗೂ ಅದರ ಚಿಂತೆಯಿಲ್ಲ.

ಚಿಕ್ಕವಳಿದ್ದಾಗ ಅವಳ ಕೋಪ ಮೂಗಿನ ತುದಿಯಲ್ಲಿರುತ್ತಿತ್ತು. ನನ್ನ ಚೀಲ ಎಳೆದ ಹುಡುಗನ ಮೂಗಿಗೆ ಗುದ್ದಿದಳು, ನನ್ನನ್ನು ಕುಳ್ಳಿ ಅಂದವನನ್ನು ಚರಂಡಿಗೆ ತಳ್ಳಿದಳು. ದಿನಕ್ಕೊಬ್ಬರು ದೂರು ತಂದರೆ ಅಪ್ಪನಾದರೂ ಎಷ್ಟೆಂದು ತಡೆದುಕೊಂಡಾನು! ಒಂದು ದಿನ ಅವಳ ರಟ್ಟೆ ಹಿಡಿದು ಟೈರ್ ಅಂಗಡಿಯ ಮೇಲಿನ ಕೋಣೆಗೆ ಕರೆದುಕೊಂಡು ಹೋದ. ಅಲ್ಲಿ ಮಾಸ್ತರೊಬ್ಬರು ಕುಸ್ತಿ ಕಲಿಸುತ್ತಿದ್ದರು. “ಇವಳು ಹೆಂಗೂ ಹೊಡಿತಾಳೆ. ಸರಿಯಾಗಾದ್ರೂ ಹೊಡೀಲಿ” ಎಂದು ಅಪ್ಪ ಕೈ ಮುಗಿದ. ಅವಳ ಜೊತೆಗೆ ಕಾವಲಿಗೆಂದು ಅಮ್ಮ ನನ್ನನ್ನೂ ಅಟ್ಟಿದಳು. ಯಾರನ್ನು ಯಾರಿಂದ ಕಾಯಬೇಕಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮಾಸ್ತರು ಹೊಟ್ಟೆಪಾಡಿಗೆ ನಲ್ಲಿ ರಿಪೇರಿ ಮಾಡುತ್ತಿದ್ದರು. ಉಗುರಿನ ಸಂದಿಯಲ್ಲಿ ಸದಾ ಕಪ್ಪು, ಮಾತು ಬಹಳ ಕಡಿಮೆ. ಅವರ ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಎಲ್ಲ ಎಡವಟ್ಟೂ ಅದರಿಂದಲೇ ಆದದ್ದು. ಪಾಠ ಮುಗಿದ ಮೇಲೆ ಅವರು ಒಬ್ಬೊಬ್ಬರನ್ನೇ ಕಿಟಕಿಯ ಹತ್ತಿರ ಕರೆದು ಒಂದು ಮಾತು ಹೇಳುತ್ತಿದ್ದರು. ಆ ಮಾತು ಕೇಳಿಸಿಕೊಂಡವರೊಬ್ಬರಿಗೇ. ಅವರಲ್ಲಿದ್ದ ದೋಷ ಹೋಗುವವರೆಗೆ ಅದನ್ನು ಇಟ್ಟುಕೊಳ್ಳಬೇಕು. ದೋಷ ಹೋದದ್ದು ಕಂಡರೆ ಮತ್ತೆ ಕಿಟಕಿಯ ಹತ್ತಿರ ಕರೆದು, “ಅದು ಇನ್ನು ಬೇಡ” ಎಂದು ಆ ಮಾತನ್ನು ವಾಪಸ್ ತೆಗೆದುಕೊಂಡು ಬೇರೆಯದನ್ನು ಕೊಡುತ್ತಿದ್ದರು.

ಅಕ್ಕ ಗೂಳಿಯ ಹಾಗೆ ನುಗ್ಗುತ್ತಿದ್ದಳು. ಅವಳಿಗೆ ಸಿಕ್ಕಿದ್ದು “ಮೊದಲು ಉಸಿರು, ಆಮೇಲೆ ಕೈ”. ಅದನ್ನು ಅವಳು ಎಷ್ಟು ನಿಷ್ಠೆಯಿಂದ ಪಾಲಿಸಿದಳೆಂದರೆ, ಕಡೆಗೆ ಉಸಿರಾಡುತ್ತಲೇ ನಿಂತು ಎದುರಿನವಳ ಕೈಯಲ್ಲಿ ಕೆಡವಿಸಿಕೊಳ್ಳತೊಡಗಿದಳು. ಆಗ ಮಾಸ್ತರು, “ಉಸಿರು ಎಲ್ಲೂ ಓಡಿಹೋಗಲ್ಲ, ಕೈ ಹಾಕು” ಅಂದರು. ಮೂಲೆಯಲ್ಲಿ ಕೂತಿದ್ದ ನನಗೆ ತಡೆಯಲಾಗಲಿಲ್ಲ.

“ಹೋದ ವರ್ಷ ಹೇಳಿದ್ದಕ್ಕೆ ಇದು ಉಲ್ಟಾ ಅಲ್ವಾ ಮಾಸ್ತರೇ?” ಎಂದೆ.

“ಉಲ್ಟಾನೇ” ಎಂದರು. “ಜ್ವರ ಬಿಟ್ಟ ಮೇಲೂ ಅದೇ ಮಾತ್ರೆ ನುಂಗ್ತಾ ಕೂತ್ಕೋತಾರೇನಮ್ಮ?”

ನಾನು ಕುಸ್ತಿ ಕಲಿಯಲಿಲ್ಲ. ಆದರೆ ಆ ಮಾತು ನನಗೆ ಅರ್ಥವಾಯಿತು. ಎಲ್ಲ ಪಟ್ಟುಗಳನ್ನೂ ಕಲಿತ ಒಬ್ಬ ಮಹಾಶಯನಿಗೆ ಅರ್ಥವಾಗಲಿಲ್ಲ.

ಆ ಮಹಾಶಯನನ್ನು ಈಗ ಎಲ್ಲರೂ ಬಂಡೆ ಅನ್ನುತ್ತಾರೆ. ಆಗ ಅವನು ಬಂಡೆಯಲ್ಲ, ಹತ್ತಿಯ ಮೂಟೆ. ಇದು ಗರಡಿಯ ಕುಸ್ತಿಯಲ್ಲ, ಕೀಲು ಹಿಡಿದು ಸೋಲೊಪ್ಪಿಸುವ ಕುಸ್ತಿ, ಇದರಲ್ಲಿ ಒಂದು ನಿಯಮವಿದೆ. ಎದುರಿನವನು ನಿಮ್ಮ ಕೈಯನ್ನೋ ಕಾಲನ್ನೋ ಕೀಲು ತಿರುಗುವ ಹಾಗೆ ಪಟ್ಟಿನಲ್ಲಿ ಹಿಡಿದಾಗ, ಇನ್ನು ತಡೆಯಲಾಗದು ಅನ್ನಿಸಿದರೆ ನೀವು ಮ್ಯಾಟಿನ ಮೇಲೆ ಅಂಗೈಯಿಂದ ತಟ್ಟಬೇಕು. ತಟ್ಟಿದ ತಕ್ಷಣ ಅವನು ಬಿಡಲೇಬೇಕು. ಬೆಳಗ್ಗೆ ಒಬ್ಬರ ಕತ್ತು ಇನ್ನೊಬ್ಬರು ಹಿಚುಕಿ, ಸಂಜೆ ಇಬ್ಬರೂ ನಗುತ್ತಾ ಮನೆಗೆ ಹೋಗುವುದು ಆ ತಟ್ಟಿನ ದಯೆಯಿಂದ. ಬಂಡೆಯೋ, ಯಾರಾದರೂ ಕೈ ಮುಟ್ಟಿದರೆ ಸಾಕು, ಟಪಟಪ ತಟ್ಟುತ್ತಿದ್ದ. “ಏನೋ, ಬಾಗ್ಲು ತಟ್ತಿದೀಯಾ? ಒಳಗೆ ಯಾರೂ ಇಲ್ಲ ಹೋಗೋ” ಎಂದು ಹುಡುಗರು ಆಡಿಕೊಳ್ಳುತ್ತಿದ್ದರು. ಮಾಸ್ತರು ಅವನನ್ನು ಕಿಟಕಿಯ ಹತ್ತಿರ ಕರೆದು, “ತಟ್ಟಬೇಡ. ಪಟ್ಟು ಬಿಗಿಯಾಗಿ ಕೂರೋವರ್ಗೂ ತಟ್ಟಬೇಡ” ಅಂದರು. ನನ್ನ ಕಿವಿಯಾರೆ ಕೇಳಿದ್ದೇನೆ. ಅಕ್ಕನೂ ಕೇಳಿದ್ದಾಳೆ.

ಮಾತು ಹಿಡಿಯಿತು. ಹತ್ತಿಯ ಮೂಟೆ ಗಟ್ಟಿಯಾಯಿತು. ಎಷ್ಟೆಂದರೆ, ಭುಜ ಕಟಕಟ ಅಂದರೂ ಹಲ್ಲು ಕಚ್ಚಿಕೊಂಡು ಬಿದ್ದಿರುತ್ತಿದ್ದ. ಮಾತನ್ನು ವಾಪಸ್ ತೆಗೆದುಕೊಳ್ಳುವ ಕಾಲ ಬಂದಿತ್ತು. ಆದರೆ ಮಾಸ್ತರು ಯಾರದೋ ಅಡುಗೆಮನೆಯಲ್ಲಿ ಪೈಪಿನ ಕೆಳಗೆ ಮಲಗಿ ಸ್ಪ್ಯಾನರ್ ತಿರುಗಿಸುತ್ತಿದ್ದವರು, ಎದೆ ಹಿಡಿದುಕೊಂಡು ಅಲ್ಲೇ ಹೋಗಿಬಿಟ್ಟರು.

ಬಂಡೆ ಅತ್ತ. ಅತ್ತು ಮುಗಿಸಿ ಕೆಂಪು ಬಣ್ಣ ತಂದ. ಮ್ಯಾಟಿನ ಎದುರಿನ ಗೋಡೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ “ತಟ್ಟಬೇಡ” ಎಂದು ಬರೆದು, ಕೆಳಗೆ “ಮಾಸ್ತರು” ಎಂದು ಹಾಕಿದ. ಅರ್ಧ ಮಾತು, ಅದೂ ಒಬ್ಬನಿಗೆ ಹೇಳಿದ್ದು, ಊರಿಗೆಲ್ಲ ಉಪದೇಶವಾಯಿತು.

“ಅಳಿಸ್ಹಾಕೇ ಅದನ್ನ” ಎಂದು ನಾನು ಅಕ್ಕನಿಗೆ ಅವತ್ತೇ ಹೇಳಿದೆ.

“ಇರ್ಲಿ ಬಿಡೇ” ಎಂದಳು. “ಮಾಸ್ತರು ಅವನಿಗೆ ಅಂತ ಬಿಟ್ಟುಹೋಗಿದ್ದು ಅದೊಂದೇ. ದುಃಖದಲ್ಲಿದಾನೆ. ಮಕ್ಕಳಿಗೆ ಬಾಯಲ್ಲಿ ಹೇಳಿಕೊಟ್ರಾಯ್ತು.”

ಊರನ್ನೇ ಹೊಡೆಯುತ್ತಿದ್ದವಳಿಗೆ ಕರುಣೆ ಬಂದದ್ದು ಎಂಥ ಹೊತ್ತಿನಲ್ಲಿ! ಕೋಣೆ ಅವಳ ಪಾಲಿಗೆ ಬಂತು. ದಿನಾ ಸಂಜೆ ಕಾರ್ಖಾನೆಯಿಂದ ಬಂದು ಕಲಿಸುತ್ತಿದ್ದಳು. ಮಾಸ್ತರ ಹಾಗೆಯೇ ಒಂದೊಂದು ಮಗುವನ್ನೂ ಕಿಟಕಿಯ ಹತ್ತಿರ ಕರೆದು, ತೂಗಿ ನೋಡಿ, ಅದಕ್ಕೆ ಬೇಕಾದ ಮಾತು ಕೊಡುತ್ತಿದ್ದಳು. ಸಾಮಾನು ಸಾಗಿಸುವ ವ್ಯಾನ್ ಓಡಿಸುವ ಬಂಡೆ ಭಾನುವಾರ ಬೆಳಗ್ಗೆ ಕಲಿಸುತ್ತಿದ್ದ. ಮಕ್ಕಳಿಗೆ ಅಕ್ಕ ಕಿವಿಯಲ್ಲಿ ಹೇಳಿದ್ದು ಮರೆಯುತ್ತಿತ್ತು, ಗೋಡೆಯ ಮೇಲಿನದು ಕಣ್ಣಿಗೆ ರಾಚುತ್ತಿತ್ತು. ನನ್ನ ಮಗಳು ಪುಟ್ಟಿಗಂತೂ ಬಂಡೆಯಣ್ಣ ಅಂದರೆ ದೇವರು. ಅವನು ನೀರು ಕುಡಿಯುವುದನ್ನೂ ಇವಳು ನಕಲು ಮಾಡುತ್ತಿದ್ದಳು.

ಆ ಭಾನುವಾರ ನಾನು ಕೆಲಸದಲ್ಲಿದ್ದೆ. ಡ್ರೈಕ್ಲೀನಿಂಗ್ ಅಂಗಡಿಯ ಕೌಂಟರು ನನ್ನದು. ಬಟ್ಟೆ ಸುಡುವವನು ಒಳಗಿರುತ್ತಾನೆ, ಬೈಸಿಕೊಳ್ಳುವುದಕ್ಕೆ ಸಂಬಳ ತೆಗೆದುಕೊಳ್ಳುವವಳು ನಾನು. ಯಾರದೋ ಕೋಟಿನ ಗುಂಡಿ ಹುಡುಕುತ್ತಿದ್ದಾಗ ಬಂಡೆಯ ಫೋನ್ ಬಂತು.

“ಅಕ್ಕಾ, ಗಾಬರಿ ಆಗ್ಬೇಡಿ. ಪುಟ್ಟಿ ಕೈಗೆ ಸ್ವಲ್ಪ…”

ಸ್ವಲ್ಪ! ಆಸ್ಪತ್ರೆಗೆ ಹೋಗಿ ನೋಡಿದರೆ ಮೊಣಕೈ ಕೀಲು ತಪ್ಪಿ, ಮೂಳೆ ಸೀಳಿ, ಕೈ ಇರಬಾರದ ದಿಕ್ಕಿಗೆ ತಿರುಗಿತ್ತು. ಹೊರಗೆ ಬೆಂಚಿನ ಮೇಲೆ ಟೈರ್ ಅಂಗಡಿಯವನ ಮಗಳು ಬಿಕ್ಕುತ್ತಾ ಕೂತಿದ್ದಳು. ಪಟ್ಟು ಹಾಕಿದ್ದವಳು ಅವಳೇ.

“ಆಂಟಿ, ನಾನು ಕಾದೆ. ಅವಳು ತಟ್ಟೇ ಇಲ್ಲ. ಬಿಡ್ಲಾ ಅಂತ ಅಣ್ಣನ್ನ ಕೇಳ್ದೆ. ಅಣ್ಣ ‘ಗೋಡೆ ನೋಡು ಪುಟ್ಟಿ’ ಅಂದ್ರು. ಅವಳು ಗೋಡೆ ನೋಡಿದ್ಳು, ಆಮೇಲೆ ಜೋರಾಗಿ ತಿರುಗಿದ್ಳು, ಆಮೇಲೆ…” ಆ ಮಗು ಮುಖ ಮುಚ್ಚಿಕೊಂಡಿತು. ಅವಳ ಮೇಲೆ ನಾನು ಏನೆಂದು ಕೂಗಾಡಲಿ?

ಡಾಕ್ಟರು ಕೀಲು ಕೂರಿಸಿ ಪ್ಲಾಸ್ಟರ್ ಹಾಕಿದರು. “ಬೆರಳು ಊದಿದ್ರೆ, ಬಣ್ಣ ಬದಲಾದ್ರೆ, ನೋವು ಜಾಸ್ತಿಯಾದ್ರೆ ಒಂದು ನಿಮಿಷ ಕಾಯ್ಬೇಡಿ, ಬಂದ್ಬಿಡಿ” ಎಂದು ನನಗೂ ಹೇಳಿದರು, ಅವಳಿಗೂ ಹೇಳಿದರು. ಪುಟ್ಟಿ ತಲೆಯಾಡಿಸಿದಳು. ಅವರು ಅತ್ತ ಹೋದ ಮೇಲೆ ನನ್ನತ್ತ ತಿರುಗಿದಳು. ಮುಖ ಸುಣ್ಣದ ಹಾಗೆ ಬೆಳ್ಳಗಿತ್ತು, ಕಣ್ಣು ಹೊಳೆಯುತ್ತಿತ್ತು.

“ಅಮ್ಮಾ, ನಾನು ತಟ್ಟಲಿಲ್ಲ” ಎಂದಳು. ಮೊದಲ ಬಹುಮಾನ ಬಂದವರ ಹಾಗೆ!

ಅವಳನ್ನು ಮನೆಗೆ ತಂದು ಮಲಗಿಸಿ, ಅವಳ ಅಪ್ಪನನ್ನು ಪಕ್ಕದಲ್ಲಿ ಕೂರಿಸಿ, ನಾನು ಸೀದಾ ಟೈರ್ ಅಂಗಡಿಯ ಮೆಟ್ಟಿಲು ಹತ್ತಿದೆ. ಸಂಜೆಯ ಮಕ್ಕಳು ಬಂದು ಗುಸುಗುಸು ಅನ್ನುತ್ತಾ ನಿಂತಿದ್ದವು. ಬಂಡೆ ಮ್ಯಾಟು ಗುಡಿಸುತ್ತಿದ್ದ. ನಾನು ಪೊರಕೆ ಕಿತ್ತುಕೊಂಡು ಮೂಲೆಗೆ ಎಸೆದೆ.

“ಏನಯ್ಯಾ, ನಿನಗೆ ಮನುಷ್ಯತ್ವ ಇದೆಯೇನಯ್ಯಾ? ಮಗು ಕೈ ಮುರೀತಿರೋವಾಗ ಗೋಡೆ ತೋರಿಸ್ತೀಯಾ?”

“ಮಾಸ್ತರ ಮಾತಕ್ಕಾ ಅದು” ಎಂದ.

“ಮಾಸ್ತರು ಹೇಳಿದ್ದು ನಿನಗೆ! ನೀನು ಪುಕ್ಕಲ ಆಗಿದ್ದೆ ಅಂತ ಹೇಳಿದ್ದು. ನನ್ನ ಮಗಳು ಪುಕ್ಕಲಿನಾ? ಅವಳು ಹುಟ್ಟಿದ್ದೇ ಮೊಂಡುತನ ಮಾಡ್ಕೊಂಡು. ಅವಳಿಗೆ ‘ತಟ್ಟು’ ಅಂತ ಬರೀಬೇಕಿತ್ತು ಕಣಯ್ಯಾ, ಮನೆಯಷ್ಟು ದೊಡ್ಡದಾಗಿ!”

“ಅದರ ಅರ್ಥ ಬೇರೆ. ಮನಸ್ಸಲ್ಲಿ ಸೋಲಬೇಡ ಅಂತ ಅರ್ಥ.”

“ಮನಸ್ಸು ಅಂತ ಎಲ್ಲಿದೆ ಅಲ್ಲಿ? ಓದು! ಮಕ್ಕಳಿಗೆ ಕಾಣ್ಸೋದು ಒಂದು, ನಿನ್ನ ಹೊಟ್ಟೇಲಿರೋ ಅರ್ಥ ಇನ್ನೊಂದು!”

ಅಷ್ಟರಲ್ಲಿ ಅಕ್ಕ ಬಂದಳು. ಕಾರ್ಖಾನೆಯಿಂದ ಆಸ್ಪತ್ರೆಗೆ, ಅಲ್ಲಿಂದ ನಮ್ಮ ಮನೆಗೆ, ಅಲ್ಲಿಂದ ಇಲ್ಲಿಗೆ ಓಡಿ ಬಂದಿದ್ದಳು. ಹುಬ್ಬಿನ ಮೇಲೆಲ್ಲ ಮೈದಾ. ಅವಳು ಕಿರುಚಲಿಲ್ಲ. ಚಪ್ಪಲಿ ಬಿಟ್ಟು ಮ್ಯಾಟಿನ ಮೇಲೆ ಹೋಗಿ, “ಬಾ” ಎಂದಳು. ಬಂಡೆ ಬಂದ. ನೋಡುನೋಡುತ್ತಿದ್ದ ಹಾಗೆ ಅವನನ್ನು ಕೆಡವಿ, ಪುಟ್ಟಿಯನ್ನು ಹಿಡಿದಿದ್ದ ಅದೇ ಪಟ್ಟಿನಲ್ಲಿ ಅವನ ಕೈ ಹಿಡಿದಳು.

“ಕೂತಿದೆಯಾ ಪಟ್ಟು?”

ಅವನು ಗೋಡೆಯ ಅಕ್ಷರದತ್ತ ಕಣ್ಣು ಹೊರಳಿಸಿದ.

“ಕೂತಿದೆ ಅಂತ ನಿನಗೂ ಗೊತ್ತು. ತಟ್ಟು.”

ಬೆವರು ಅವನ ಕಿವಿಯ ಹಿಂದಿನಿಂದ ಇಳಿಯುತ್ತಿತ್ತು. ಕತ್ತಿನ ನರ ಉಬ್ಬಿ ನಿಂತಿತ್ತು. ತಟ್ಟಲಿಲ್ಲ. ಅಕ್ಕ ಇನ್ನೊಂದು ಚೂರು ಬಿಗಿ ಮಾಡಿದಳು. ನಾನು, ಒಬ್ಬ ತಾಯಿ, ಅಷ್ಟೂ ಮಕ್ಕಳ ಎದುರು, “ಮುರೀ ಅಕ್ಕಾ! ಮುರಿದ್ಹಾಕು!” ಎಂದು ಕೂಗಿದೆ. ನಿಜವಾಗಿಯೂ ಮುರಿಯಲಿ ಅಂತಲೇ ಕೂಗಿದ್ದು. ಅದಕ್ಕೆ ನನಗೆ ನಾಚಿಕೆಯೂ ಇಲ್ಲ.

ಅಕ್ಕ ಬಿಟ್ಟುಬಿಟ್ಟಳು. ಎದ್ದು ನಿಂತಳು.

“ಇವನು ತಟ್ಟಲ್ಲ ಕಣೇ. ಮುರಿದ್ರೂ ತಟ್ಟಲ್ಲ” ಎಂದಳು. ಆಮೇಲೆ ಅವನ ಕಡೆ ತಿರುಗಿದಳು. “ಇಷ್ಟು ವರ್ಷ ನಿನ್ನ ದುಃಖಕ್ಕೆ ಮರ್ಯಾದೆ ಕೊಟ್ಟೆ ನೋಡು, ನನಗೆ ನಾನೇ ಹೊಡ್ಕೋಬೇಕು. ನಾಳೆಯಿಂದ ಮಕ್ಕಳನ್ನ ಮುಟ್ಟಬೇಡ ನೀನು.”

ಬೀದಿಯ ಬಣ್ಣದಂಗಡಿಯಿಂದ ಬಿಳಿ ಬಣ್ಣ ತರಿಸಿ ಅವತ್ತೇ ಗೋಡೆ ಬಳಿದಳು. ಕೆಂಪು ಅಕ್ಷರ ಒಂದು ಬಳಿತಕ್ಕೆ ಹೋಗಲಿಲ್ಲ, ಮತ್ತೆ ಬಳಿದಳು. ನಾನು ಸೊಂಟಕ್ಕೆ ಕೈ ಕೊಟ್ಟು ನಿಂತು ಪೂರ್ತಿ ಬಿಳಿಯಾಗುವವರೆಗೆ ನೋಡಿದೆ. ನನ್ನ ಹೊಟ್ಟೆಯ ಉರಿ ಸ್ವಲ್ಪ ತಣ್ಣಗಾಯಿತು. ಮುಗಿಯಿತು ಅಂದುಕೊಂಡೆ.

ಮಾರನೆಯ ಬೆಳಗ್ಗೆ ಕಾರ್ಖಾನೆಗೆ ರಜೆ ಹಾಕಿ ಅಕ್ಕ ಬಿಸಿ ಬ್ರೆಡ್ಡು ತಂದಳು. ಪುಟ್ಟಿ ಮೇಜಿನ ಮುಂದೆ ಶಾಲು ಹೊದ್ದು ಕೂತು ಎಡಗೈಯಲ್ಲಿ ಹಾಲು ಕುಡಿಯುತ್ತಿದ್ದಳು. ನೋವು ಹೇಗಿದೆ ಎಂದು ನಾನು ಎದ್ದಾಗಿನಿಂದ ಕೇಳುತ್ತಲೇ ಇದ್ದೆ. ಪ್ರತಿ ಸಲವೂ, “ಏನಿಲ್ಲಮ್ಮಾ, ಪರವಾಗಿಲ್ಲ” ಎನ್ನುತ್ತಿದ್ದಳು.

ಅಕ್ಕ ಅವಳ ಎದುರು ಕೂತು ಮುಖವನ್ನೇ ನೋಡಿದಳು. “ತುಟಿ ಯಾಕೆ ಕಚ್ಕೊಂಡಿದೀಯಾ?” ಎಂದು ಶಾಲು ಸರಿಸಿದಳು.

ಪ್ಲಾಸ್ಟರಿನ ತುದಿಯಲ್ಲಿ ಬೆರಳುಗಳು ಊದಿ ಹೊಳೆಯುತ್ತಿದ್ದವು. ಬಣ್ಣ ನೀಲಿಗೆ ತಿರುಗಿತ್ತು. ಅಕ್ಕ ಒಂದು ಉಗುರನ್ನು ಒತ್ತಿ ಬಿಟ್ಟಳು. ಬೆಳ್ಳಗಾದ ಉಗುರಿಗೆ ಮತ್ತೆ ರಕ್ತ ಬರಲೇ ಇಲ್ಲ ಅನ್ನಿಸುವಷ್ಟು ಹೊತ್ತು ಹಿಡಿಯಿತು.

“ಯಾವಾಗಿಂದ?”

“ರಾತ್ರಿಯಿಂದ, ದೊಡ್ಡಮ್ಮಾ.”

“ಯಾಕೆ ಹೇಳ್ಲಿಲ್ಲ?”

ಪುಟ್ಟಿ ದೊಡ್ಡಮ್ಮನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದಳು. “ತಡ್ಕೊಂಡೆ” ಎಂದಳು.

ಗೋಡೆ ಬಳಿದು ಬಂದಿದ್ದೆವು, ಬುದ್ಧಿವಂತರು! ಮಾತು ಗೋಡೆಯ ಮೇಲೆ ಇತ್ತೇನು? ಒಳಗೆ ಹೋಗಿ ಕೂತಿತ್ತು, ನನ್ನ ಮಗಳ ಮೈಯೊಳಗೆ.

ಅಕ್ಕ ಅವಳನ್ನು ಎತ್ತಿಕೊಂಡೇ ಕೆಳಗಿಳಿದಳು. ಬೀದಿಯಲ್ಲಿ ಬಂಡೆಯ ವ್ಯಾನ್ ನಿಂತಿತ್ತು. ಬೆಳಕು ಹರಿದಾಗಿನಿಂದ ಅಲ್ಲೇ ಇದ್ದನಂತೆ, ಮೇಲೆ ಬರಲು ಮುಖವಿಲ್ಲದೆ. ಅವನನ್ನು ಕಂಡದ್ದೇ ನನಗೆ ಮತ್ತೆ ರೇಗಿತು. ಬಾಯಿ ತೆರೆಯುವಷ್ಟರಲ್ಲಿ ಅಕ್ಕ, “ಬೈಯೋದು ಆಮೇಲೆ. ಹತ್ತು” ಎಂದಳು. ಅವನಿಗೆ, “ಆಸ್ಪತ್ರೆ” ಎಂದಳು. ಅವನು ಗಾಡಿ ಓಡಿಸಿದ.

ಡಾಕ್ಟರು ಪ್ಲಾಸ್ಟರ್ ಕತ್ತರಿಸಿದರು. ಮುಂಗೈ ಬಿರಿಯುವ ಹಾಗೆ ಬಿಗಿದಿತ್ತು. ಅವರು ಪುಟ್ಟಿಯ ಮುಖದ ಹತ್ತಿರ ಬಗ್ಗಿ, “ನೋಡಮ್ಮ, ಈಗ ನಾನು ಬೆರಳನ್ನ ನಿಧಾನವಾಗಿ ನೇರ ಮಾಡ್ತೀನಿ. ನೋವು ಎಷ್ಟಾಗುತ್ತೆ ಅಂತ ನಿಜ ಹೇಳ್ಬೇಕು. ಒಳಗೆ ರಕ್ತ ಓಡದೆ ಇದ್ರೆ ಈಗ್ಲೇ ಆಪರೇಷನ್ ಮಾಡ್ಬೇಕು, ತಡ ಆದ್ರೆ ಕೈ ಹೋಗುತ್ತೆ. ಅದು ತಿಳಿಯೋಕೆ ನಿನ್ನ ಮಾತು ಬೇಕು ನನಗೆ. ಆಯ್ತಾ?” ಎಂದರು.

ಬೆರಳು ನೇರ ಮಾಡಿದರು. ಪುಟ್ಟಿಯ ಮೇಲ್ತುಟಿಯಲ್ಲಿ ಬೆವರು ಮೂಡಿತು.

“ನೋವಾಯ್ತಾ?”

“ಸ್ವಲ್ಪ” ಎಂದಳು.

“ಸುಳ್ಳು!” ಎಂದು ನಾನು ಚೀರಿದೆ. “ಸುಳ್ಳು ಹೇಳ್ತಿದಾಳೆ ಡಾಕ್ಟ್ರೇ! ಪುಟ್ಟೀ, ಕೈ ಕಡಿತಾರೆ ಕಣೇ, ಹೇಳೇ!” ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು, ಕಾಲು ಹಿಡಿಯಬೇಕು ಅನ್ನಿಸಿತು. ಅವಳು ಹಲ್ಲು ಕಚ್ಚಿ ಎದುರಿನ ಖಾಲಿ ಗೋಡೆ ನೋಡುತ್ತಿದ್ದಳು. ಡಾಕ್ಟರು ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಯಾರನ್ನು ನಂಬಬೇಕೋ ಅವರಿಗೂ ತಿಳಿಯಲಿಲ್ಲ.

ಅಕ್ಕ ಹೊರಗೆ ಹೋಗಿ ಬಂಡೆಯ ಅಂಗಿಯ ಕಾಲರ್ ಹಿಡಿದು ಒಳಗೆ ಎಳೆದುಕೊಂಡು ಬಂದಳು.

“ನಾನು ಹೇಳಿದ್ರೆ ಕೇಳಲ್ಲ ಇವಳು, ಇವರಮ್ಮ ಹೇಳಿದ್ರೂ ಕೇಳಲ್ಲ. ಕೊಟ್ಟೋನು ನೀನು. ನೀನೇ ವಾಪಸ್ ತಗೋ” ಎಂದಳು.

ಪುಟ್ಟಿಯ ಮುಖ ಅರಳಿತು. “ಅಣ್ಣಾ, ನಾನು ಒಂದ್ಸಲನೂ ಅಳ್ಲಿಲ್ಲ” ಎಂದಳು.

ಬಂಡೆ ಅವಳ ಬೆರಳುಗಳನ್ನು ನೋಡಿದ. ಆ ದೊಡ್ಡ ಆಳು ಮಂಚದ ಪಕ್ಕ ಮಂಡಿಯೂರಿ ಕೂತ.

“ಪುಟ್ಟೀ, ನಿನ್ನೆ ಸಂಜೆ ನಿಮ್ಮ ದೊಡ್ಡಮ್ಮ ಅದೇ ಪಟ್ಟಲ್ಲಿ ನನ್ನ ಕೈ ಹಿಡಿದ್ರು, ತುಂಬ ನೋವಾಯ್ತು ನನಗೆ. ಈಗ್ಲೂ ಕೈ ಎತ್ತಕ್ಕಾಗ್ತಿಲ್ಲ. ಈ ಭುಜ ಇದೆಯಲ್ಲ, ಇದು ಹೋಗಿ ಎಷ್ಟೋ ವರ್ಷ ಆಯ್ತು. ಬಲಗೈಲಿ ತಲೆ ಬಾಚ್ಕೊಳಕ್ಕೆ ಆಗಲ್ಲ. ಯಾರಿಗೂ ಹೇಳಿಲ್ಲ. ಹೇಳಿದ್ರೆ ಮಾಸ್ತರ ಮಾತು ಮೀರಿದಂಗೆ ಅಂದ್ಕೊಂಡಿದ್ದೆ.” “ತಪ್ಪಾಗಿ ತಿಳ್ಕೊಂಡೆ ಕಣಮ್ಮಾ. ಅದು ಇನ್ನು ಬೇಡ. ನೋವಾದ್ರೆ ಹೇಳು.”

ಪುಟ್ಟಿ ಅವನನ್ನೇ ನೋಡುತ್ತಿದ್ದಳು. ಅವಳ ಗಲ್ಲ ಅದುರತೊಡಗಿತು. ಡಾಕ್ಟರು ಮೆಲ್ಲಗೆ ಬೆರಳು ಹಿಡಿದು ನೇರ ಮಾಡಿದರು.

ಅವಳು ಕಿರುಚಿದಳು. ಹಿಂದಿನ ದಿನದ್ದು, ರಾತ್ರಿಯದ್ದು, ಎಲ್ಲ ಸೇರಿಸಿ ಕಿರುಚಿದಳು. ಡಾಕ್ಟರು ಕೈ ಬಿಟ್ಟು, “ಥಿಯೇಟರ್ ರೆಡಿ ಮಾಡಿ, ಈಗ್ಲೇ” ಎಂದು ಓಡಿದರು.

ಕೈ ಉಳಿಯಿತು. ಮೊಣಕೈ ಪೂರ್ತಿ ನೇರವಾಗುವುದಿಲ್ಲ, ಮುಂಗೈಯ ಮೇಲೆ ಉದ್ದನೆಯ ಗಾಯದ ಗುರುತಿದೆ, ಆದರೆ ಬೆರಳುಗಳು ಆಡುತ್ತವೆ. ಬಂಡೆಯನ್ನು ನಾನು ಕ್ಷಮಿಸಿಲ್ಲ. ಕ್ಷಮಿಸುವ ಅವಸರವೂ ಇಲ್ಲ. ಆ ಬರಹವನ್ನು ಅಷ್ಟು ವರ್ಷ ಗೋಡೆಯ ಮೇಲೆ ಬಿಟ್ಟಳೆಂದು ಅಕ್ಕನ ಜೊತೆ ಬಹಳ ಕಾಲ ಮಾತು ಬಿಟ್ಟಿದ್ದೆ. ಅವಳ ಅಂಗಿಗಳ ತೋಳು ಮಾತ್ರ ಅಗಲ ಮಾಡಿಕೊಡುತ್ತಿದ್ದೆ, ಬಾಯಿ ಬಿಡದೆ.

ಆದರೆ ಆ ಬೆಳಗ್ಗೆ ಗಾಲಿಮಂಚದ ಮೇಲೆ ಪುಟ್ಟಿಯನ್ನು ತಳ್ಳಿಕೊಂಡು ಹೋಗುವಾಗ ಅವಳ ಬಾಯಿ ನಿಲ್ಲಲೇ ಇಲ್ಲ. “ನೋವು ಅಮ್ಮಾ, ತುಂಬ ನೋವು, ಸಾಯೋಷ್ಟು ನೋವು” ಎಂದು ಕಾರಿಡಾರಿನ ತುಂಬ ಕೂಗಿದಳು. ಅಕ್ಕ ಮಂಚದ ಜೊತೆಯಲ್ಲೇ ಓಡುತ್ತಾ, “ಹೂಂ, ಇನ್ನೂ ಜೋರಾಗಿ ಹೇಳು” ಅನ್ನುತ್ತಿದ್ದಳು. ಅವಳ ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು. ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತರು. ನರ್ಸೊಬ್ಬಳು ಬಾಗಿಲಿನಿಂದ ತಲೆ ಹಾಕಿ, “ರೀ, ಮಗೂನ ಸುಮ್ನಿರಿಸ್ರೀ, ಇಲ್ಲಿ ಬೇರೆ ಪೇಷೆಂಟ್ಸ್ ಇದಾರೆ!” ಎಂದು ಗದರಿದಳು.

“ಸುಮ್ನಿರಲ್ಲ ಅವಳು!” ಎಂದು ನಾನು ಅವಳ ಮೇಲೆ ಹಾಯ್ದುಬಿದ್ದೆ. “ನಿಮಗೆ ಬೇಕಿದ್ರೆ ಕಿವಿ ಮುಚ್ಕೊಳ್ಳಿ!”